ಪರದೆಯ ಮೂಲೆಯ ಕಿರಿಕಿರಿ

ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಆಗಾಗ ತಲೆಹಾಕುವ ಎಚ್ಚರಿಕೆಗಳೆಲ್ಲ ವಿಂಡೋಸ್‌ನವಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಜೆರಾಕ್ಸ್ ಅಂಗಡಿಗಳಲ್ಲಿ ಪಹಣಿ ತೆಗೆಯಲು, ಸೇವಾ ಸಿಂಧು ಅರ್ಜಿ ತುಂಬಲು ದಿನವಿಡೀ ಬ್ರೌಸರ್ ತೆರೆದೇ ಇರುತ್ತದೆ. ಗಿರಾಕಿಗಳ ಅವಸರದಲ್ಲಿ ಯಾವುದೋ ತಾಣಕ್ಕೆ ‘ಅಲೌ’ ಒತ್ತಿದರೆ ಸಾಕು, ‘ವೈರಸ್ ತಗುಲಿದೆ’ ಎಂಬ ಸುಳ್ಳು ಸಂದೇಶಗಳು ಶುರುವಾಗುತ್ತವೆ. ಅವುಗಳ ಮೇಲೆ ಕ್ಲಿಕ್ ಮಾಡಲೇಬಾರದು. ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ, ಅದರೊಳಗಿನ ಸೈಟ್ ಸೆಟ್ಟಿಂಗ್ಸ್, ಅಲ್ಲಿಂದ ನೋಟಿಫಿಕೇಷನ್ಸ್ ತೆರೆದು, ಅನುಮತಿ ಪಡೆದ ಪಟ್ಟಿಯಿಂದ ಗೊತ್ತಿಲ್ಲದ ತಾಣಗಳನ್ನು ತೆಗೆದುಹಾಕಿದರೆ ಕಾಟ ಅಲ್ಲಿಗೇ ನಿಲ್ಲುತ್ತದೆ.

ವಿಂಡೋಸ್‌ನದೇ ಸಲಹೆ-ಸೂಚನೆಗಳು ಬೇಡವಾದರೆ ಸೆಟ್ಟಿಂಗ್ಸ್, ಸಿಸ್ಟಮ್, ನೋಟಿಫಿಕೇಷನ್ಸ್‌ಗೆ ಹೋಗಿ ಆಫ್ ಮಾಡಿದರಾಯಿತು.

ಪರದೆಯನ್ನು ಮಬ್ಬಾಗಿಸಿ ಒಪ್ಪಿಗೆ ಕೇಳುವ ಕಿಟಕಿಯ ಮಾತೇ ಬೇರೆ. ಯೂಸರ್ ಅಕೌಂಟ್ ಕಂಟ್ರೋಲ್ ಎಂಬ ಈ ಕಾವಲು ವಿಂಡೋಸ್ ವಿಸ್ತಾದೊಂದಿಗೆ 2007ರಲ್ಲಿ ಜನರ ಕೈಸೇರಿತು. ಮಾತುಮಾತಿಗೂ ತಡೆಯುತ್ತದೆಂದು ಬೈಗುಳವನ್ನೂ ತಿಂದಿತು. ವಿಂಡೋಸ್ 7ರಿಂದ ಇದಕ್ಕೆ ನಾಲ್ಕು ಹಂತಗಳಿವೆ. ಪರದೆ ಮಬ್ಬಾಗುವುದೇ ತೊಂದರೆಯಾದರೆ ಮೇಲಿನಿಂದ ಮೂರನೆಯ ಹಂತ ಸಾಕು. ತೀರಾ ಕೆಳಕ್ಕೆ ಇಳಿಸಿದರೆ, ಗಿರಾಕಿಯ ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್ ಕೂಡ ಕೇಳದೆ ಕೈಯಾಡಿಸಬಹುದು.

ವಿಂಡೋಸ್ 10ರ ಬೆಂಬಲ ಮುಗಿದ ಸೂಚನೆ ಮಾತ್ರ ದಿಟ. 2025ರ ಅಕ್ಟೋಬರ್ 14ಕ್ಕೆ ಉಚಿತ ಅಪ್‌ಡೇಟ್‌ಗಳ ಸಾಮಾನ್ಯ ಅವಧಿ ಮುಗಿಯಿತು. ಬ್ಯಾಂಕ್, ಆಧಾರ್ ಕೆಲಸ ನಡೆಯುವ ಕಂಪ್ಯೂಟರಿನಲ್ಲಿ ಆ ಸೂಚನೆಯನ್ನು ಮರೆಮಾಡುವುದಕ್ಕಿಂತ ವಿಂಡೋಸ್ 11ಕ್ಕೆ ಬದಲಾಗುವುದೇ ಸರಿ.