ಸೀನಾಯಿಗೂ ಮೊದಲು ಕಾನೂನಿತ್ತೇ?

ಪ್ರಶ್ನೆ: ಸೀನಾಯಿ ಬೆಟ್ಟದಲ್ಲಿ ದೇವರು ಮೋಶೆಯ ಮೂಲಕ ಇಸ್ರಾಯೇಲ್ಯರಿಗೆ ಧರ್ಮಶಾಸ್ತ್ರ ಕೊಟ್ಟನೆಂದು ಬೈಬಲ್ ಹೇಳುತ್ತದೆ. ಆದರೆ ಅದಕ್ಕೆ ಎಷ್ಟೋ ತಲೆಮಾರು ಹಿಂದೆಯೇ ಕಾಯಿನನಿಗೆ ತಮ್ಮನನ್ನು ಕೊಂದದ್ದಕ್ಕೆ ಶಿಕ್ಷೆಯಾಗುತ್ತದೆ, ಅಬ್ರಹಾಮ ದೇವರ ಆಜ್ಞೆಗಳನ್ನು ಪಾಲಿಸಿದನೆಂಬ ಮಾತೂ ಬರುತ್ತದೆ. ಇನ್ನೂ ಕೊಟ್ಟಿರದ ಕಾನೂನನ್ನು ಮುರಿಯುವುದಾಗಲೀ ಪಾಲಿಸುವುದಾಗಲೀ ಹೇಗೆ ಸಾಧ್ಯ?

ಉತ್ತರ: ಈ ಪ್ರಶ್ನೆಯನ್ನು ಹಿಡಿದು ಯೆಹೂದಿ ಗುರುಗಳೂ ಕ್ರೈಸ್ತ ಪಂಡಿತರೂ ಸುಮಾರು ಎರಡು ಸಾವಿರ ವರ್ಷಗಳಿಂದ ವಾದಿಸುತ್ತ ಬಂದಿದ್ದಾರೆ. ಚುಟುಕಾಗಿ ಹೇಳುವುದಾದರೆ, ಬಿಡಿಬಿಡಿ ಕಟ್ಟಳೆಗಳಲ್ಲಿ ಹಲವು ಸೀನಾಯಿಗಿಂತ ಹಳೆಯವು, ಇಸ್ರಾಯೇಲ್ಯರಲ್ಲದವರಲ್ಲೂ ಇದ್ದವು. ಅವನ್ನೆಲ್ಲ ಒಂದು ಜನಕ್ಕೂ ಅವರ ದೇವರಿಗೂ ನಡುವಿನ ಒಡಂಬಡಿಕೆಯಾಗಿ ಹೆಣೆದ ಧರ್ಮಶಾಸ್ತ್ರ ಮಾತ್ರ ಮೊದಲು ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ.

ಮೊದಲು ಆದಿಕಾಂಡವನ್ನೇ ನೋಡಿ. ಕೊಲೆ ಮಾಡಬಾರದೆಂದು ಕಾಯಿನನಿಗೆ ಯಾರೂ ಹೇಳಿಕೊಟ್ಟಂತಿಲ್ಲ. ಆದರೂ ಅವನು ತನಗೆ ಗೊತ್ತಿರಲಿಲ್ಲವೆಂದು ವಾದಿಸುವುದಿಲ್ಲ, ವಿಷಯವನ್ನು ಮುಚ್ಚಿಡಲು ನೋಡುತ್ತಾನೆ. ಜಲಪ್ರಳಯದ ನಂತರ ನೋಹನಿಗೆ ರಕ್ತ ತಿನ್ನಬಾರದು, ನರಹತ್ಯೆ ಮಾಡಬಾರದು ಎಂಬ ವಿಧಿಗಳು ಸಿಗುತ್ತವೆ. ಅಬ್ರಹಾಮ ಮೆಲ್ಕೀಚೆದೆಕನಿಗೆ ಹತ್ತರಲ್ಲೊಂದು ಪಾಲು ಕೊಡುತ್ತಾನೆ. ಹೆಂಡತಿ ಸಾರಾಳನ್ನು ತನ್ನ ತಂಗಿಯೆಂದು ಅಬ್ರಹಾಮ ಹೇಳಿದ್ದನ್ನು ನಂಬಿ ಅವಳನ್ನು ಕರೆಸಿಕೊಂಡ ಗೆರಾರಿನ ಅರಸ ಅಬೀಮೆಲೆಕ, ಸತ್ಯ ತಿಳಿದಾಗ ಇಂಥ ಮಹಾಪಾಪಕ್ಕೆ ನನ್ನನ್ನು ಏಕೆ ದೂಡಿದೆಯೆಂದು ಅಬ್ರಹಾಮನನ್ನೇ ಗದರಿಸುತ್ತಾನೆ. ಪರರ ಹೆಂಡತಿಯ ತಂಟೆಗೆ ಹೋಗಬಾರದೆಂಬುದು ಅಲ್ಲಿ ಇಸ್ರಾಯೇಲ್ಯರ ಗುಟ್ಟಲ್ಲ, ಅನ್ಯರಾಜನಿಗೂ ತಿಳಿದ ನೀತಿ. 38ನೇ ಅಧ್ಯಾಯದಲ್ಲಿ ಮಕ್ಕಳಿಲ್ಲದೆ ಸತ್ತ ಅಣ್ಣನ ಹೆಂಡತಿಯನ್ನು ತಮ್ಮ ಕೂಡಿಕೊಂಡು ಅಣ್ಣನ ವಂಶ ಉಳಿಸಬೇಕೆಂದು ಅಬ್ರಹಾಮನ ಮರಿಮಗ ಯೆಹೂದ ತನ್ನ ಮಗನಿಗೆ ಹೇಳುತ್ತಾನೆ. ಈ ಮೈದುನಧರ್ಮ ಕಾನೂನಾಗಿ ಬರುವುದು ಎಷ್ಟೋ ಮುಂದೆ, ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ. ಸಬ್ಬತ್ತಿನ ವಿಶ್ರಾಂತಿಯೂ ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಮನ್ನವೆಂಬ ಆಹಾರದ ಜೊತೆಗೇ ಬರುತ್ತದೆ. ದಶಾಜ್ಞೆ ಬರುವುದು 20ರಲ್ಲಿ.

ಇಷ್ಟನ್ನೇ ಓದಿದವರಿಗೆ ಎಲ್ಲವೂ ಮೊದಲೇ ಇತ್ತೆನಿಸಬಹುದು. ಆದರೆ ಅದೇ ಪುಸ್ತಕಗಳಲ್ಲಿ ಉಲ್ಟಾ ಸಾಕ್ಷಿಯೂ ಇದೆ. ಅಬ್ರಹಾಮನ ಮೊಮ್ಮಗ ಯಾಕೋಬ ಬದುಕಿರುವ ಅಕ್ಕತಂಗಿಯರಿಬ್ಬರನ್ನೂ ಮದುವೆಯಾದ; ಯಾಜಕಕಾಂಡ ಅದನ್ನು ನಿಷೇಧಿಸುತ್ತದೆ. ಸಾರಾ ತನ್ನ ತಂದೆಗೆ ಇನ್ನೊಬ್ಬಳಲ್ಲಿ ಹುಟ್ಟಿದವಳೆಂದು ಅಬ್ರಹಾಮನೇ ಒಪ್ಪುತ್ತಾನೆ. ಆ ಸಂಬಂಧಕ್ಕೂ ನಿಷೇಧವಿದೆ. ಮೋಶೆಯ ತಂದೆ ಆಮ್ರಾಮ ಕೈಹಿಡಿದದ್ದು ಸ್ವಂತ ಸೋದರತ್ತೆಯನ್ನು. ಮುಂದೆ ಮೋಶೆಯ ಹೆಸರಿನಲ್ಲಿ ಬಂದ ಕಾನೂನಿನ ಪ್ರಕಾರ ಮೋಶೆಯ ತಂದೆತಾಯಿಯ ಮದುವೆಯೇ ನಿಲ್ಲುವುದಿಲ್ಲ! ಗ್ರಂಥವನ್ನು ಕೂಡಿಸಿದವರು ಇದನ್ನೆಲ್ಲ ತಿದ್ದಿ ಮುಚ್ಚಬಹುದಿತ್ತು, ಮುಚ್ಚಲಿಲ್ಲ. ಪೂರ್ವಜರ ಕಾಲದಲ್ಲಿ ನಡೆ ಬೇರೆಯಿತ್ತು ಎಂಬ ನೆನಪು ಅವರಲ್ಲಿ ಗಟ್ಟಿಯಾಗಿಯೇ ಇದ್ದಿರಬೇಕು.

ನೋಹನ ಕಥೆಯಲ್ಲಂತೂ ಎರಡೂ ಅಭಿಪ್ರಾಯ ಒಟ್ಟಿಗೇ ಕುಳಿತಿವೆ. ಒಂದು ಕಡೆ ಪ್ರತಿಯೊಂದು ಜಾತಿಯಿಂದ ಎರಡೆರಡು ಪ್ರಾಣಿಗಳನ್ನು ನಾವೆಗೆ ಸೇರಿಸು ಎಂದಿದೆ, ಇನ್ನೊಂದು ಕಡೆ ಶುದ್ಧ ಪ್ರಾಣಿಗಳಾದರೆ ಏಳೇಳು ಜೋಡಿ ಎಂದಿದೆ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಇದನ್ನು ಎರಡು ಬರಹದ ಎಳೆಗಳೆಂದು ಗುರುತಿಸುತ್ತಾರೆ. ಯಾಜಕರ ಪರಂಪರೆಯ ಎಳೆಯಲ್ಲಿ ಸೀನಾಯಿಗೆ ಮೊದಲು ಯಾರೂ ಬಲಿ ಅರ್ಪಿಸುವುದಿಲ್ಲ, ಶುದ್ಧ–ಅಶುದ್ಧದ ಮಾತೂ ಇಲ್ಲ. ಇನ್ನೊಂದು ಎಳೆಯಲ್ಲಿ ನೋಹ ನಾವೆಯಿಂದಿಳಿದು ಶುದ್ಧ ಪ್ರಾಣಿಗಳನ್ನು ಬಲಿ ಕೊಡುತ್ತಾನೆ. ನಿಮ್ಮ ಪ್ರಶ್ನೆಗೆ ಬೈಬಲಿನ ಬರಹಗಾರರೇ ಒಂದೇ ಉತ್ತರ ಕೊಟ್ಟಿಲ್ಲ ಎಂದಾಯಿತು.

ಆಮೇಲಿನ ಓದುಗರು ಈ ತೊಡಕನ್ನು ತಮ್ಮತಮ್ಮ ರೀತಿಯಲ್ಲಿ ಬಿಡಿಸಿದರು. ಕ್ರಿ.ಪೂ. 2ನೇ ಶತಮಾನದ ಜ್ಯೂಬಿಲೀಸ್ ಗ್ರಂಥದಲ್ಲಿ ಕಾನೂನು ಸ್ವರ್ಗದ ಹಲಗೆಗಳ ಮೇಲೆ ಮೊದಲೇ ಬರೆದಿದೆ, ಪೂರ್ವಜರು ಹಬ್ಬಗಳನ್ನೂ ಆಚರಿಸುತ್ತಾರೆ. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯೆಹೂದಿ ಗ್ರಂಥ ಮಿಶ್ನಾ, ಅಬ್ರಹಾಮ ಇಡೀ ತೋರಾವನ್ನು, ಅಂದರೆ ಧರ್ಮಶಾಸ್ತ್ರವನ್ನು, ಅದು ಬರುವ ಮೊದಲೇ ಪಾಲಿಸಿದನೆಂದು ಹೇಳಿ, ಆದಿಕಾಂಡ 26:5ನ್ನು ಆಧಾರ ಕೊಡುತ್ತದೆ. ಹಾಗಾದರೆ ಯಾಕೋಬನ ಇಬ್ಬರು ಹೆಂಡಿರ ಗತಿಯೇನು? ಸ್ಪೇನಿನಲ್ಲಿದ್ದ 13ನೇ ಶತಮಾನದ ವ್ಯಾಖ್ಯಾನಕಾರ ರಾಂಬಾನ್ ಇದಕ್ಕೆ ಜಾಣ ಉತ್ತರ ಕೊಟ್ಟರು: ಪೂರ್ವಜರು ಕಾನೂನು ಪಾಲಿಸುತ್ತಿದ್ದದ್ದು ಪವಿತ್ರ ನಾಡಿನೊಳಗೆ ಮಾತ್ರ, ಯಾಕೋಬ ಮದುವೆಯಾದದ್ದು ಹೊರನಾಡಿನಲ್ಲಿ, ನಾಡಿಗೆ ಕಾಲಿಟ್ಟ ಮೇಲೆ ಆ ಹೆಂಡಿರಲ್ಲೊಬ್ಬಳಾದ ರಾಹೇಲಳು ದಾರಿಯಲ್ಲೇ ತೀರಿಕೊಂಡಳು. ಇನ್ನು ಯೆಹೂದ್ಯರಲ್ಲದವರಿಗೆ ನೋಹನ ಏಳು ವಿಧಿಗಳು ಸಾಕೆಂದು ತಾಲ್ಮುಡ್ ಹೇಳಿತು.

ಕ್ರೈಸ್ತ ಅಪೊಸ್ತಲ ಪೌಲನ ವಾದ ಇದಕ್ಕೆ ತದ್ವಿರುದ್ಧ. ಧರ್ಮಶಾಸ್ತ್ರ ಬಂದದ್ದು ಅಬ್ರಹಾಮನಿಗೆ ವಾಗ್ದಾನ ಸಿಕ್ಕಿ 430 ವರ್ಷಗಳಾದ ಮೇಲೆ ಎಂದು ಗಲಾತ್ಯದವರಿಗೆ ಬರೆಯುತ್ತಾನೆ. ಅಬ್ರಹಾಮ ನೀತಿವಂತನೆನಿಸಿದ್ದು ನಂಬಿಕೆಯಿಂದ, ಶಾಸ್ತ್ರದಿಂದಲ್ಲ ಎಂಬುದು ಅವನ ಪಟ್ಟು. ಆದರೂ ಕಾಯಿನನಂಥವರನ್ನು ಅವನು ಬಿಟ್ಟುಬಿಡುವುದಿಲ್ಲ: ಶಾಸ್ತ್ರವಿಲ್ಲದವರಿಗೂ ಅದರ ಸಾರ ಹೃದಯದಲ್ಲಿ ಬರೆದಿದೆಯೆಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ತೋರಾ ಇಳಿದದ್ದು ಇಬ್ರಾಹಿಮರ ನಂತರವಲ್ಲವೇ ಎಂದು ಕುರಾನಿನ 3ನೇ ಅಧ್ಯಾಯವೂ ಕೇಳುತ್ತದೆ. ಅಬ್ರಹಾಮ ಯಾರವನು ಎಂಬ ಜಗಳದಲ್ಲಿ ಕಾನೂನಿನ ವಯಸ್ಸೇ ಮುಖ್ಯ ಸಾಕ್ಷಿಯಾಗಿತ್ತು.

ಈ ವಾದಕ್ಕೆ ನೆಲದೊಳಗಿನ ಸಾಕ್ಷಿ ಸೇರಿಕೊಂಡದ್ದು 20ನೇ ಶತಮಾನದಲ್ಲಿ. 1901–02ರಲ್ಲಿ ಫ್ರೆಂಚರು ಇರಾನಿನ ಸೂಸಾದಲ್ಲಿ ಅಗೆದಾಗ ಬಾಬಿಲೋನಿನ ಅರಸ ಹಮ್ಮುರಾಬಿಯ ಕಾನೂನು ಕೆತ್ತಿದ ಕಪ್ಪು ಕಲ್ಲು ಸಿಕ್ಕಿತು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಕ್ರಿ.ಪೂ. 18ನೇ ಶತಮಾನದ ಆ ಕಲ್ಲಿನ ಮೇಲೂ ಕಣ್ಣಿಗೆ ಕಣ್ಣು ಎಂಬ ನ್ಯಾಯವಿದೆ. 1940ರ ದಶಕದಲ್ಲಿ ಬಾಗ್ದಾದಿನ ಬಳಿ ಸಿಕ್ಕ, ಎಶ್ನುನ್ನ ಎಂಬ ಪ್ರಾಚೀನ ರಾಜ್ಯದ ಕಾನೂನಿನ ಜೇಡಿಮಣ್ಣಿನ ಹಲಗೆಗಳು ಇನ್ನೂ ಬೆರಗು ಹುಟ್ಟಿಸಿದವು. ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ಹಾಯ್ದು ಕೊಂದರೆ, ಬದುಕಿದ ಎತ್ತಿನ ಬೆಲೆಯನ್ನೂ ಸತ್ತ ಎತ್ತನ್ನೂ ಇಬ್ಬರೂ ಹಂಚಿಕೊಳ್ಳಬೇಕು ಎಂದು ಅವು ಹೇಳುತ್ತವೆ. ವಿಮೋಚನಕಾಂಡ 21:35ರ ತೀರ್ಪೂ ಅದೇ. ಬೈಬಲಿನ ಲಿಪಿಕಾರರು ಬಾಬಿಲೋನಿನ ಪಠ್ಯ ನೋಡಿ ಬರೆದರೋ, ಆ ಸೀಮೆಗೆಲ್ಲ ಸಾಮಾನ್ಯವಾಗಿದ್ದ ನ್ಯಾಯಪದ್ಧತಿಯನ್ನು ಬಳಸಿಕೊಂಡರೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹಾಯುವ ಎತ್ತಿನ ನ್ಯಾಯ ಮಾತ್ರ ಇಸ್ರಾಯೇಲಿಗಿಂತ ಹಳೆಯದು ಎಂಬುದರಲ್ಲಿ ಅನುಮಾನವಿಲ್ಲ.

ಹಾಗಾದರೆ ಸೀನಾಯಿಯಲ್ಲಿ ಹೊಸತೇನು? ವಿಧವೆಯರ, ಅನಾಥರ ಕಾಳಜಿ ಹೊಸತಲ್ಲ. ಅದನ್ನು ಹಮ್ಮುರಾಬಿಯೂ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಹೊಸತು ಎರಡು. ಒಂದು, ಬಾಬಿಲೋನಿನಲ್ಲಿ ಕಾನೂನು ಅರಸನದು. ಮೋಶೆಯ ಐದು ಪುಸ್ತಕಗಳಲ್ಲಿ ಅರಸನ ಹೆಸರಿನಲ್ಲಿ ಒಂದು ಕಟ್ಟಳೆಯೂ ಇಲ್ಲ. ಧರ್ಮೋಪದೇಶಕಾಂಡದ 17ನೇ ಅಧ್ಯಾಯ ಅರಸನಿಗೆ ಕೊಟ್ಟ ಕೆಲಸವೆಂದರೆ ಶಾಸ್ತ್ರದ ಪ್ರತಿ ಇಟ್ಟುಕೊಂಡು ದಿನವೂ ಓದಿ ಅದರಂತೆ ನಡೆಯುವುದು.

ಎರಡನೆಯದು, ಕಾನೂನಿಗೆ ಕೊಟ್ಟ ಕಾರಣ. ಪರದೇಶಿಯನ್ನು ಪೀಡಿಸಬೇಡಿ, ಆಳುಗಳಿಗೂ ಸಬ್ಬತ್ತಿನ ಬಿಡುವು ಕೊಡಿ, ಏಕೆಂದರೆ ನೀವೂ ಐಗುಪ್ತದಲ್ಲಿ ಹಾಗೆಯೇ ಇದ್ದವರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಓಡಿಹೋದ ಗುಲಾಮನಿಗೆ ಮನೆಯಲ್ಲಿ ಆಶ್ರಯ ಕೊಟ್ಟವನಿಗೆ ಹಮ್ಮುರಾಬಿ ಮರಣದಂಡನೆ ವಿಧಿಸಿದ್ದ. ತಪ್ಪಿಸಿಕೊಂಡು ಬಂದ ಗುಲಾಮನನ್ನು ಒಡೆಯನಿಗೆ ಒಪ್ಪಿಸಬೇಡಿ, ಅವನು ಇಷ್ಟಪಟ್ಟ ಊರಿನಲ್ಲಿ ನೆಲೆಸಲಿ ಎನ್ನುತ್ತದೆ ಧರ್ಮೋಪದೇಶಕಾಂಡದ 23ನೇ ಅಧ್ಯಾಯ. ಇದು ತಾವೇ ದಾಸತ್ವದಿಂದ ತಪ್ಪಿಸಿಕೊಂಡು ಬಂದೆವೆಂದು ನಂಬಿದ ಜನರ ಕಾನೂನು. ಕೊಲೆ ತಪ್ಪೆಂದು ತಿಳಿಯಲು ಕಾಯಿನನಿಗೆ ಶಾಸ್ತ್ರ ಬೇಕಿರಲಿಲ್ಲ. ಎತ್ತಿನ ಜಗಳ ಬಗೆಹರಿಸಲು ಎಶ್ನುನ್ನದವರಿಗೂ ಬೇಕಿರಲಿಲ್ಲ. ಈ ಕಾನೂನು ಮಾತ್ರ ಐಗುಪ್ತದ ಆ ನೆನಪನ್ನು ಆಧರಿಸಿದ್ದರಿಂದ ಅದಕ್ಕಿಂತ ಮೊದಲು ಹುಟ್ಟುವಂತಿರಲಿಲ್ಲ.