ಕುಮಾರ ಪರ್ವತಕ್ಕೆ ಹೊರಟ ಮೊಮ್ಮಗನಿಗೆ

ಪುತ್ತೂರು



ಜನವರಿಯಲ್ಲಿ ಕುಮಾರ ಪರ್ವತಕ್ಕೆ ನಿಮಗೆಲ್ಲ ಟಿಕೆಟ್ ಸಿಕ್ಕಿತು ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಧ್ವನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ದಿಗಿಲು. "ನೀನಾದರೂ ಬೇಡ ಅನ್ನು" ಎಂದಳು. ನಾನು ಅನ್ನುವುದಿಲ್ಲ. ಸಸ್ಯಶಾಸ್ತ್ರದ ಮಕ್ಕಳನ್ನು ಕಟ್ಟಿಕೊಂಡು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆ ಗುಡ್ಡ ಹತ್ತಿದವಳು ಯಾವ ಬಾಯಿಂದ ಬೇಡ ಅನ್ನುವುದು? ಆದರೆ ನೀನು ಕಳಿಸಿದ ವೇಳಾಪಟ್ಟಿ ನೋಡಿ ನಗು ಬಂತು ಮಾರಾಯ. ಆರಕ್ಕೆ ಗೇಟು, ಎಂಟಕ್ಕೆ ಗಿರಿಗದ್ದೆ, ಹನ್ನೊಂದಕ್ಕೆ ಶಿಖರ, ಫೋಟೋ, ಇಳಿಯುವುದು. ಕಾಡಿಗೆಂದು ಅದರಲ್ಲಿ ಒಂದು ಗಳಿಗೆಯೂ ಇಲ್ಲ. ಕುಕ್ಕೆಯಿಂದ ಗಿರಿಗದ್ದೆಯವರೆಗಿನ ಐದಾರು ಕಿಲೋಮೀಟರ್ ಕಾಡನ್ನು ನೀವು ಬೇಗ ದಾಟಿ ಮುಗಿಸಬೇಕಾದ ದಾರಿ ಅಂತ ಲೆಕ್ಕ ಹಾಕಿದ್ದೀರಿ. ನನ್ನ ಲೆಕ್ಕದಲ್ಲಿ ನೀವು ಹೋಗಬೇಕಾದ್ದೇ ಅದನ್ನು ನೋಡಲಿಕ್ಕೆ.

ಮೊದಲು ಗುಡ್ಡದ ಅಳತೆ ಸರಿಯಾಗಿ ತಿಳಿದುಕೋ. ಶಿಖರದ ಎತ್ತರ 1,712 ಮೀಟರ್. ಅಷ್ಟೇನಾ, ಮುಳ್ಳಯ್ಯನಗಿರಿ 1,930 ಅಲ್ಲವಾ ಎಂದು ನಿನ್ನ ಗೆಳೆಯರು ಹೇಳಿಯಾರು. ಹೌದು, ಆದರೆ ಮುಳ್ಳಯ್ಯನಗಿರಿಯ ಬಹುಪಾಲು ಎತ್ತರವನ್ನು ನಿಮ್ಮ ಬದಲು ಗಾಡಿಯೇ ಹತ್ತಿಕೊಡುತ್ತದೆ. ಕುಕ್ಕೆ ಇರುವುದು ಗುಡ್ಡದ ಬುಡದಲ್ಲಿ, ತಗ್ಗಿನಲ್ಲಿ. ಅಲ್ಲಿಂದ ಹೊರಟರೆ 1,500 ಮೀಟರಿಗೂ ಮಿಕ್ಕಿದ ಏರನ್ನು ಕಾಲಲ್ಲೇ ಏರಬೇಕು. ಒಂದು ದಿಕ್ಕಿಗೆ ಹದಿಮೂರು ಕಿಲೋಮೀಟರಿನಷ್ಟು ನಡಿಗೆ. ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯ ದಾರಿ ಹಿಡಿದರೆ ದೂರ ಅರ್ಧಕ್ಕರ್ಧ ಇಳಿಯುತ್ತದೆ. ಆದರೂ ನೀವು ಕುಕ್ಕೆಯ ದಾರಿ ಆರಿಸಿದ್ದು ನನಗೆ ಖುಷಿ. ಕರಾವಳಿಯ ಸೆಕೆಯಿಂದ ಹೊರಟು, ದಟ್ಟ ಕಾಡು ಹಾದು, ಬೋಳು ಹುಲ್ಲುಗುಡ್ಡ ಏರಿ, ಮೋಡದೊಳಗೆ ಹೊಗುವ ದಾರಿ ಅದು. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಚಳಿ ಹೆಚ್ಚುತ್ತದೆ ಎಂದು ಶಾಲೆಯಲ್ಲಿ ಓದಿದ್ದೀಯಲ್ಲ, ಅದನ್ನು ಮೈಯೇ ಹೇಳುತ್ತದೆ. ಕುಕ್ಕೆಯಲ್ಲಿ ಬೆವರಿ ಒದ್ದೆಯಾದ ಅಂಗಿಯಲ್ಲೇ ಮೇಲೆ ಗಾಳಿಗೆ ನಿಲ್ಲಬೇಡ. ಒಂದು ಒಣ ಅಂಗಿ ಚೀಲದಲ್ಲಿರಲಿ.

ಈಗ ಕಾಡಿನ ವಿಷಯ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದವರು ನಿದ್ದೆಗಣ್ಣಲ್ಲೇ ಇದರೊಳಗೆ ನುಗ್ಗಿ, ಬೇರು ಕಲ್ಲು ಎಡವುತ್ತ, ತಲೆ ತಗ್ಗಿಸಿಕೊಂಡೇ ಹೋಗಿಬಿಡುತ್ತಾರೆ. ನೀನು ಹಾಗೆ ಮಾಡಬೇಡ. ಭೀಮನ ಕಲ್ಲು ಎಂಬ ದೊಡ್ಡ ಬಂಡೆ ಸಿಗುತ್ತದೆ, ಅಲ್ಲಿ ಕೂರು. ಉಸಿರು ಹದಕ್ಕೆ ಬಂದ ಮೇಲೆ ತಲೆ ಎತ್ತು. ಮರಗಳು ಬುಡದಲ್ಲಿ ಹಲಗೆಯ ಹಾಗೆ ಚಾಚಿದ ಬೇರುಗಳ ಮೇಲೆ ನಿಂತಿರುತ್ತವೆ. ಮಳೆಕಾಡಿನ ಮಣ್ಣಿನಲ್ಲಿ ಸಾರವೆಲ್ಲ ಮೇಲ್ಪದರದಲ್ಲೇ ಇರುವುದರಿಂದ ಬೇರುಗಳು ಆಳಕ್ಕಿಂತ ಅಗಲಕ್ಕೆ ಹರಡುತ್ತವೆ. ಅಷ್ಟೆತ್ತರದ ಮರ ಗಾಳಿಗೆ ನಿಲ್ಲಬೇಕಾದರೆ ಇಂಥ ಆನಿಕೆ ಬೇಕು. ಬಿದ್ದ ಎಲೆಗಳನ್ನು ಹೆಕ್ಕಿ ನೋಡು. ಬೇರೆ ಬೇರೆ ಜಾತಿಯ ಮರಗಳು, ಆದರೂ ಹಲವು ಎಲೆಗಳ ತುದಿ ಚೂಪಾಗಿ ಬಾಲದಂತೆ ಉದ್ದವಾಗಿರುತ್ತದೆ. ತಿಂಗಳುಗಟ್ಟಲೆ ಸುರಿಯುವ ಮಳೆಯ ನೀರು ಎಲೆಯ ಮೇಲೆ ನಿಲ್ಲದೆ ಜಾರಿಹೋಗಲಿ ಎಂದು. ನೀರು ನಿಂತರೆ ಪಾಚಿ ಹಿಡಿದು ಬಿಸಿಲು ಎಲೆಗೆ ಮುಟ್ಟುವುದಿಲ್ಲ.

ಧೂಪದ ಮರ ಗುರುತಿಸಲು ನಿನಗೆ ಬರಬೇಕು, ಚಿಕ್ಕಂದಿನಲ್ಲಿ ತೋರಿಸಿದ್ದೇನೆ. ನೆಟ್ಟಗೆ ಬೆಳೆದ ಕಾಂಡ. ಗಾಯವಾದ ಕಡೆ ಪರಿಮಳದ ಅಂಟು ಒಸರಿರುತ್ತದೆ. ಅದರ ಬೀಜದಿಂದ ಹಿಂದೆ ಬೆಣ್ಣೆಯಂಥ ಜಿಡ್ಡು ತೆಗೆಯುತ್ತಿದ್ದರು. ನಾಗಸಂಪಿಗೆ ಕಂಡರೆ ಅದರ ಚಿಗುರು ನೋಡು: ಹಸಿರಲ್ಲ, ಕೆಂಪು. ಎಳೆಯ ಎಲೆಗೆ ಬಿಸಿಲು ತಡೆಯುವ ಶಕ್ತಿ ಬರುವವರೆಗೆ ಆ ಬಣ್ಣವೇ ಅದಕ್ಕೆ ಕೊಡೆ. ಹೆಬ್ಬಲಸು, ರಾಮಪತ್ರೆ, ಮರದಿಂದ ಮರಕ್ಕೆ ಹಬ್ಬಿದ ಬೆತ್ತ. ಬೆತ್ತವನ್ನು ಮಾತ್ರ ಕೈ ಆಸರೆಗೆ ಹಿಡಿಯಬೇಡ, ಮೈತುಂಬ ಮುಳ್ಳು. ರಾಮಪತ್ರೆಯ ಕಾಯಿ ಒಡೆದಾಗ ಒಳಗೆ ಕೆಂಪು ಪತ್ರೆ ಸುತ್ತಿದ ಬೀಜ ಇರುತ್ತದೆ. ಮಂಗಟ್ಟೆ ಅದನ್ನು ನುಂಗಿ ದೂರ ಹೋಗಿ ಬೀಜ ಉಗುಳುತ್ತದೆ, ಅಲ್ಲಿ ಹೊಸ ಮರ. ಮಂಗಟ್ಟೆ ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ. ಮರಗಳ ಮೇಲಿಂದ ಯಾರೋ ಸುಸುಯ್ಯೆಂದು ಉಸಿರು ಬಿಡುತ್ತ ಹೋದರೆ ಅದು ರೆಕ್ಕೆಯ ಸದ್ದು. ಮಾತಾಡುತ್ತ, ಫೋನಿನಲ್ಲಿ ಹಾಡು ಹಾಕಿಕೊಂಡು ನಡೆದರೆ ಇದೇನೂ ಇಲ್ಲ. ನಿಮ್ಮ ಗುಂಪಿನಲ್ಲಿ ಸ್ಪೀಕರ್ ಹೊತ್ತು ತರುವವನೊಬ್ಬ ಇರುತ್ತಾನೆ, ಎಲ್ಲ ಗುಂಪಿನಲ್ಲೂ ಇರುತ್ತಾನೆ. ಅವನ ಸ್ಪೀಕರನ್ನು ಕುಕ್ಕೆಯಲ್ಲೇ ಬಿಡಿಸು, ಬೇಕಾದರೆ ನನ್ನ ಹೆಸರು ಹೇಳು.

ಜಿಗಣೆಯ ಬಗ್ಗೆ ನಿನ್ನಮ್ಮನಿಗೆ ಭಯ. ಜನವರಿಯಲ್ಲಿ ಅದರ ಕಾಟ ಕಡಿಮೆ, ತೇವ ಇರುವ ಕಡೆ ಮಾತ್ರ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಬಿಡುವುದರಿಂದ ಅದು ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ಒಸರುತ್ತದೆ, ಅಷ್ಟೇ. ಉಗುರಿನಿಂದ ಬಿಡಿಸಿ ಗಾಯ ತೊಳೆ. ಹೆದರಬೇಕಾದ್ದು ಆನೆಗೆ. ಪುಷ್ಪಗಿರಿ ವನ್ಯಧಾಮ ಅದು, ದಾರಿಯಲ್ಲಿ ಹಸಿ ಲದ್ದಿ ಕಂಡರೆ ಗುಂಪಾಗಿ ಇರಿ, ಮುಂದೆ ಓಡುವ ಶೂರತನ ಬೇಡ. ಕಾಲಿಡುವ ಮೊದಲು ನೆಲ ನೋಡು, ಬಂಡೆ ಹಿಡಿಯುವ ಮೊದಲು ಬಂಡೆ ನೋಡು. ಎಲೆ ಬಣ್ಣದ ಮಂಡಲದ ಹಾವು ಕೂತಲ್ಲೇ ಕೂತಿರುತ್ತದೆ, ದಾರಿ ಬಿಡುವುದಿಲ್ಲ.

ಗಿರಿಗದ್ದೆಯ ಭಟ್ಟರ ಮನೆಯ ಅನ್ನ, ಸಾಂಬಾರು, ಮಜ್ಜಿಗೆಯ ಸುದ್ದಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ, ಅದರ ವಿಡಿಯೋಗಳೇ ಎಷ್ಟೋ ಇವೆಯಂತೆ. ಅಲ್ಲಿಂದ ಮುಂದೆ ಅರಣ್ಯ ಇಲಾಖೆಯ ತಪಾಸಣೆ. ಆಮೇಲೆ ನೆರಳಿಲ್ಲ.

ಮರಗಳು ಒಮ್ಮೆಲೇ ನಿಂತು ಹುಲ್ಲು ಶುರುವಾಗುವ ಆ ಜಾಗದಲ್ಲಿ ನನ್ನ ವಿದ್ಯಾರ್ಥಿಗಳು ತಪ್ಪದೆ ಕೇಳುತ್ತಿದ್ದ ಪ್ರಶ್ನೆ: ಕಾಡು ಕಡಿದರಾ, ಟೀಚರ್? ಇಲ್ಲ. ಪಶ್ಚಿಮ ಘಟ್ಟದ ಎತ್ತರಗಳ ಸ್ವಭಾವವೇ ಹಾಗೆ. ಬೆನ್ನುಗಳ ಮೇಲೆ ಮಣ್ಣು ತೆಳು, ಗಾಳಿಯ ಹೊಡೆತ ಜೋರು, ಬೇಸಿಗೆಯಲ್ಲಿ ಬೆಂಕಿ. ಅಲ್ಲಿ ಹುಲ್ಲೇ ಬದುಕುತ್ತದೆ. ಮಡಿಕೆಗಳಲ್ಲಿ ಮಣ್ಣೂ ನೀರೂ ತಂಗುತ್ತವೆ, ಅಲ್ಲಿ ಶೋಲಾ ಕಾಡು. ಯಾವ ಕಾರಣಕ್ಕೆ ಎಷ್ಟು ತೂಕ ಎಂದು ಪಂಡಿತರು ಇನ್ನೂ ಜಗಳವಾಡುತ್ತಾರೆ, ಆಡಲಿ. ಹುಲ್ಲುಗಾವಲನ್ನು ಖಾಲಿ ಜಾಗ ಎಂದುಕೊಂಡು ಅದರ ಮೇಲೆ ಮರ ನೆಡಲು ಹೊರಡುವವರು ಮಾತ್ರ ಈ ಜಗಳವನ್ನು ಒಮ್ಮೆ ಕೇಳಿಸಿಕೊಂಡರೆ ಒಳ್ಳೆಯದು.

ಕಲ್ಲು ಮಂಟಪದ ಬಳಿ ನೀರು ಸಿಗುತ್ತದೆ. ಆದರೂ ಅದನ್ನೇ ನಂಬಿ ಖಾಲಿ ಬಾಟಲಿ ಹೊರಬೇಡ. ಮುಂದೆ ಶೇಷ ಪರ್ವತ. ಕುಕ್ಕೆಯ ದೇವಸ್ಥಾನದ ಹಿಂದೆ ಹೆಡೆ ಬಿಚ್ಚಿದಂತೆ ಕಾಣುವುದು ಇದೇ. ಅಲ್ಲಿ ಒಂದು ಬದಿ ನೇರ ಪ್ರಪಾತ. ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ ನಿನ್ನ ಫೋಟೋ ನನಗೆ ಬರಕೂಡದು. ತಾರಕನನ್ನು ಕೊಂದ ಕುಮಾರಸ್ವಾಮಿ ಈ ಪರ್ವತಕ್ಕೆ ಬಂದ, ಇಂದ್ರ ತನ್ನ ಮಗಳು ದೇವಸೇನೆಯನ್ನು ಇಲ್ಲಿ ಧಾರೆಯೆರೆದ ಎಂದು ಸ್ಥಳಪುರಾಣ. ಇಷ್ಟು ಎತ್ತರಕ್ಕೆ ಮದುವೆ ದಿಬ್ಬಣ ಹತ್ತಿಸಿದವರು ದೇವತೆಗಳೇ ಇರಬೇಕು ಎಂದು ಪ್ರತಿ ಸಲವೂ ನನಗೆ ಅನಿಸಿದ್ದುಂಟು.

ಶೇಷ ಪರ್ವತ ಸಿಕ್ಕಿದೊಡನೆ ಮುಗಿಯಿತು ಅನ್ನಿಸುತ್ತದೆ. ಮುಗಿದಿರುವುದಿಲ್ಲ. ದಾರಿ ಮತ್ತೆ ಇಳಿದು ಒಂದು ಶೋಲಾ ಕಾಡನ್ನು ಹೊಕ್ಕು, ಕಡಿದಾದ ಬಂಡೆಯೊಂದನ್ನು ಹತ್ತಿಸುತ್ತದೆ. ಆ ಕಾಡು ಚಿಕ್ಕದು. ಮರಗಳು ಕುಳ್ಳು, ಗಾಳಿಗೆ ತಿರುಚಿಕೊಂಡವು, ಕಾಂಡದ ತುಂಬ ಪಾಚಿ. ಕಾಲ ಕೆಳಗಿನ ಎಲೆಗೊಬ್ಬರ ಒದ್ದೆ. ಮಳೆಗಾಲ ಕಳೆದು ತಿಂಗಳುಗಳಾದರೂ ಒದ್ದೆ. ನಾಲ್ಕು ತಿಂಗಳು ಕುಡಿದದ್ದನ್ನು ಇಂಥ ಕಾಡುಗಳು ವರ್ಷವಿಡೀ ಹನಿಹನಿಯಾಗಿ ಬಿಡುತ್ತವೆ. ಈ ಗುಡ್ಡದಿಂದ ಹುಟ್ಟಿದ ಕುಮಾರಧಾರೆ ಮಲ್ಲಳ್ಳಿಯಲ್ಲಿ ಧುಮುಕಿ, ಕುಕ್ಕೆ ದಾಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರುತ್ತದೆ, ಅಂದರೆ ನಮ್ಮ ಮನೆಯ ಹತ್ತಿರಕ್ಕೇ ಬರುತ್ತದೆ. ಇದೇ ಪುಷ್ಪಗಿರಿ ಸಾಲಿನ ಇನ್ನೊಂದು ಕಡೆಯಿಂದ ಹೊರಡುವ ಹಾರಂಗಿ ಕಾವೇರಿಗೆ ಸೇರುತ್ತದೆ. ಬೆಂಗಳೂರಿನಲ್ಲಿ ನೀನು ಕುಡಿಯುವುದು ಯಾವ ನದಿಯ ನೀರು, ನೀನೇ ಹೇಳು. ಅಜ್ಜಿಯೂ ಮೊಮ್ಮಗನೂ ದೂರದ ಎರಡು ಊರುಗಳಲ್ಲಿ ಕೂತು ಒಂದೇ ಸಾಲಿನ ಗುಡ್ಡಗಳ ಋಣ ತಿನ್ನುತ್ತಿದ್ದೇವೆ.

ಇನ್ನು ಶಿಖರ, ನಿಮ್ಮ ಆ ವ್ಯೂ ಪಾಯಿಂಟ್. 1,712 ಮೀಟರ್ ಎತ್ತರದಿಂದ ದಿಗಂತ 140 ಕಿಲೋಮೀಟರಿಗೂ ಆಚೆ ಇರುತ್ತದೆ, ಭೂಮಿಯ ದುಂಡುತನದ ಲೆಕ್ಕ ಹಾಕಿ ನೋಡು. ಪಶ್ಚಿಮಕ್ಕೆ ಸಮುದ್ರ ಅಷ್ಟು ದೂರವೇನೂ ಇಲ್ಲ. ಆದರೆ ಲೆಕ್ಕ ಒಂದು, ಮಂಜು ಇನ್ನೊಂದು. ಸಮುದ್ರದ ಗಾಳಿ ಈ ಗೋಡೆಗೆ ಬಡಿದು ಮೇಲೇರಿ ತಣ್ಣಗಾದ ಕೂಡಲೇ ಮೋಡವಾಗುತ್ತದೆ. ಕಣ್ಣೆದುರೇ ಆಗುತ್ತದೆ, ಕಣ್ಣೆದುರೇ ಹರಿಯುತ್ತದೆ. ಎದುರಿಗೆ ಚಾಚಿದ ಕೈ ಕಾಣದೆ ಇಳಿದ ದಿನಗಳೂ ನನಗುಂಟು. ಆ ದಿನಗಳಲ್ಲಿ ಮಕ್ಕಳು ನಮ್ಮ ದುಡ್ಡು ದಂಡವಾಯಿತು ಎಂಬ ಮುಖ ಮಾಡುತ್ತಿದ್ದರು. ಎಲ್ಲ ಕಂಡ ದಿನಗಳನ್ನು ನಾನು ಬೆರೆಸಿಬಿಟ್ಟಿದ್ದೇನೆ, ಮಂಜಿನ ದಿನಗಳು ಒಂದೊಂದೂ ಬೇರೆ ಬೇರೆ ನೆನಪಿವೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲಿಂದ ತಿರುಗಿ. ಶಿಖರ ಕಾಣುತ್ತಿದ್ದರೂ ತಿರುಗಿ. ಹದಿಮೂರು ಕಿಲೋಮೀಟರ್ ಇಳಿಯಲು ಐದು ಗಂಟೆಯಾದರೂ ಬೇಕು. ಜನವರಿಯ ಸೂರ್ಯ ಆರೂ ಕಾಲು ದಾಟುತ್ತಲೇ ಮುಳುಗುತ್ತಾನೆ, ಮರಗಳಡಿ ಅದಕ್ಕೂ ಮೊದಲೇ ಕತ್ತಲು. ಬೆಳಿಗ್ಗೆ ಹತ್ತಿಸಿದ ಬೇರುಗಳೇ ಸಂಜೆ ಕಾಲು ಮುರಿಯುತ್ತವೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ, ಹಿಂದೆ ಬಿಟ್ಟು ಹೋಗಬೇಡಿ.

ಟಿಕೆಟಿಗೆ ಒದ್ದಾಡಬೇಕಾಯಿತು, ದಿನಕ್ಕೆ 300 ಜನ ಅಂತೆ ಎಂದು ಗೊಣಗಿದೆಯಂತೆ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಆ ದಾರಿಯಲ್ಲಿ ಸಾವಿರಾರು ಜನ ಒಟ್ಟಿಗೆ ಸಾಲುಗಟ್ಟಿದ ಚಿತ್ರ ನೀನೂ ನೋಡಿರಬೇಕು. ಆಮೇಲೆಯೇ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಮತ್ತು ಈ ಮಿತಿ ತಂದದ್ದು. ಒಳ್ಳೆಯದೇ ಮಾಡಿದರು. ನನ್ನನ್ನು ಕೇಳಿದ್ದರೆ ಇನ್ನೂ ಕಡಿಮೆ ಮಾಡಿ ಎನ್ನುತ್ತಿದ್ದೆ, ಆಗ ನಿನಗೆ ಟಿಕೆಟ್ ಸಿಗುತ್ತಿರಲಿಲ್ಲ, ಅದು ಬೇರೆ. ಚಿಪ್ಸಿನ ಪೊಟ್ಟಣ, ಗ್ಲೂಕೋಸ್ ಕಟ್ಟು, ಒದ್ದೆ ಟಿಶ್ಯೂ ಎಲ್ಲ ಚೀಲದಲ್ಲೇ ವಾಪಸು ಬರಲಿ. ಕಿತ್ತಳೆ ಸಿಪ್ಪೆ ಕೂಡ.

ಇಳಿದ ಮೇಲೆ ಅವತ್ತೇ ರಾತ್ರಿ ಬಸ್ಸು ಹತ್ತಬೇಡ. ಕುಕ್ಕೆಯಿಂದ ಪುತ್ತೂರಿಗೆ ಬಸ್ಸುಂಟು. ಬೇಕಿದ್ದರೆ ಗೆಳೆಯರನ್ನೂ ಕರೆದುಕೊಂಡು ಬಾ, ಸ್ಪೀಕರಿನವನೂ ಬರಲಿ. ಹಂಡೆಯಲ್ಲಿ ನೀರು ಕಾದಿರುತ್ತದೆ, ಮೊಣಕಾಲಿಗೆ ಎಣ್ಣೆಯೂ. ಸೋಮವಾರ ರಜೆ ಹಾಕಿಬಿಡು. ಮಂಗಳವಾರ ಬೆಳಿಗ್ಗೆ ಮೆಟ್ಟಿಲು ಇಳಿಯಲು ಹೊರಟಾಗ, ಆವತ್ತೂ ಹಾಕಬೇಕಿತ್ತು ಎಂದು ನಿನಗೇ ಗೊತ್ತಾಗುತ್ತದೆ.

ಇತಿ,
ನಿನ್ನ ಅಜ್ಜಿ