ಸೋಡಬುಡ್ಡಿಯ ಮೇಲಿನ ಬರಹ

ಸೋಡವೂ ಒಂದು ಅಧ್ಯಯನದ ವಿಷಯವೇ ಎಂದು ಮಿತ್ರರು ನಗಬಹುದು. ಅಂತಿಮ ಬಿ.ಎ. ತರಗತಿಯಲ್ಲಿ ಅರ್ಥಶಾಸ್ತ್ರ ಓದುತ್ತಿರುವ ನಾನು ತೆರಿಗೆ, ಮಾರುಕಟ್ಟೆ, ಗ್ರಾಹಕನ ಹಕ್ಕು ಮುಂತಾದವನ್ನು ಪಠ್ಯಪುಸ್ತಕದಲ್ಲಿ ಕಾಣುವುದಕ್ಕೆ ಮೊದಲೇ ಊರ್ಡಿಗೆರೆಯ ನಮ್ಮ ಪೆಟ್ಟಿಗೆ ಅಂಗಡಿಯಲ್ಲಿ ಕಂಡವನು. ನಮ್ಮ ತಂದೆಯವರು ಹಿಂದೆ ಗೋಲಿಸೋಡ ತುಂಬಿ ಮಾರುತ್ತಿದ್ದರು. ಈಗ ಯಾರೋ ಎಲ್ಲಿಯೋ ತುಂಬಿದ ಬುಡ್ಡಿಗಳನ್ನು ಮಾರುತ್ತಾರೆ. ಅವರ ಗೋಲಿಸೋಡಕ್ಕೆ ಲೇಬಲ್ಲು ಇರಲಿಲ್ಲ. ಈಗಿನ ಬುಡ್ಡಿಗಳಿಗೆ ಉಂಟು, ಆದರೆ ಅದನ್ನು ಅವರು ಓದಲಾರರು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ನೀರಿನಲ್ಲಿ ಅಂಗಾರಾಮ್ಲ ವಾಯುವನ್ನು, ಎಂದರೆ ಈಗ ನಾವು ಇಂಗಾಲದ ಡೈಆಕ್ಸೈಡು ಎನ್ನುವುದನ್ನು, ಒತ್ತಡದಿಂದ ಕರಗಿಸಿದರೆ ಸೋಡ ಸಿದ್ಧವಾಗುತ್ತದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬಾತನು ಬೀರು ತಯಾರಿಸುವ ತೊಟ್ಟಿಯ ಮೇಲೆ ನಿಂತಿದ್ದ ವಾಯುವನ್ನು ನೀರಿಗೆ ಬೆರೆಸಿ ಇದರ ದಾರಿ ತೋರಿಸಿದನು. 1783ರಲ್ಲಿ ಜಿನೀವದಲ್ಲಿ ಷ್ವೆಪ್ ಎಂಬವನು ಅದನ್ನೇ ವ್ಯಾಪಾರ ಮಾಡಿದನು. ವಾಯುವನ್ನು ಬುಡ್ಡಿಯೊಳಗೆ ಹಿಡಿದಿಡುವುದು ಮಾತ್ರ ಕಷ್ಟವಾಗಿತ್ತು. 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರು ಅದಕ್ಕೆ ಉಪಾಯ ಕಂಡುಹಿಡಿದನು. ಬುಡ್ಡಿಯ ಕುತ್ತಿಗೆಯಲ್ಲಿ ಒಂದು ಗಾಜಿನ ಗೋಲಿ, ಬಾಯಿಯ ಬಳಿ ಒಂದು ರಬ್ಬರು ಬಳೆ. ಬುಡ್ಡಿಯನ್ನು ತಲೆಕೆಳಗು ಮಾಡಿದಾಗ ಗೋಲಿ ಉರುಳಿ ಬಾಯಿಗೆ ಬರುತ್ತದೆ. ಒಳಗಿನ ವಾಯುವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ನಮ್ಮ ಮನೆಯ ಹಿಂದೆ ತಂದೆಯವರು ಕೈಯಿಂದ ತಿರುಗಿಸುತ್ತಿದ್ದ ಯಂತ್ರದ ತತ್ತ್ವ ಇಷ್ಟೆ. ಬುಡ್ಡಿಗಳು ಒಂದೊಂದಾಗಿ ಒಡೆದವು, ಗ್ಯಾಸಿನ ಬೆಲೆ ಏರಿತು, ಗಿರಾಕಿಗಳು ಬಣ್ಣದ ಚೀಟಿಯ ಬುಡ್ಡಿಯನ್ನೇ ಕೇಳತೊಡಗಿದರು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಯಂತ್ರ ಗುಜರಿಗೆ ಹೋಯಿತು. ಅದೇ ಗೋಲಿಸೋಡವನ್ನು 2025ರಲ್ಲಿ ಅಮೆರಿಕ, ಇಂಗ್ಲೆಂಡು, ಕೊಲ್ಲಿ ದೇಶಗಳಿಗೆ ರಫ್ತು ಮಾಡುತ್ತಿರುವುದಾಗಿ ಕೇಂದ್ರ ಸರ್ಕಾರ ಪ್ರಕಟಿಸಿತು. ತಂದೆಯವರಿಗೆ ಓದಿ ಹೇಳಿದೆ. "ಗೋಲಿ ಅದೇನಾ?" ಎಂದಷ್ಟೇ ಕೇಳಿದರು.

ಇನ್ನು ಲೇಬಲ್ಲಿನ ವಿಚಾರ. ಎರಡು ವರ್ಷದ ಹಿಂದೆ ದೇವರಾಯನದುರ್ಗದ ತೇರು ಮುಗಿಸಿಕೊಂಡು ಬಿಸಿಲಲ್ಲಿ ಬಂದ ಮುದುಕಿಯೊಬ್ಬರು ನಮ್ಮ ಅಂಗಡಿಯ ಮುಂದೆ ಕುಸಿದು ಕುಳಿತರು. ತಂದೆಯವರು ಹಸಿರು ಬುಡ್ಡಿಯೊಂದನ್ನು ತೆಗೆದು, "ನಿಂಬೆಹಣ್ಣಿಂದು ಕಣಮ್ಮ, ಕುಡಿ, ಸುಸ್ತು ಹೋಗ್ತದೆ" ಎಂದು ಕೊಟ್ಟರು. ಬುಡ್ಡಿಯ ಮೇಲೆ ಹೋಳು ಮಾಡಿದ ನಿಂಬೆಹಣ್ಣಿನ ಚಿತ್ರ, ಎಲೆಯ ಮೇಲೆ ನೀರಹನಿ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ, ಇದರಲ್ಲಿ ಹಣ್ಣು ಇಲ್ಲ, ರುಚಿಕಾರಕ ಸೇರಿಸಿದೆ ಎಂದು ಬರೆದಿತ್ತು. ನಾನು ಓದಿ ಹೇಳಿದೆ.

"ಅಂಗಾದ್ರೆ ಹಣ್ಣಿನ ಚಿತ್ರ ಯಾಕ್ಲಾ ಹಾಕವ್ರೆ?" ಎಂದರು ತಂದೆ.

ಮುದುಕಿ ಅಷ್ಟರಲ್ಲಿ ಅರ್ಧ ಕುಡಿದಿದ್ದರು. ಅವರಿಗೇನೂ ಆಗಲಿಲ್ಲ. ಆದರೆ ಮೂವತ್ತು ವರ್ಷ ನಿಂಬೆ ಹಿಂಡಿ ಸೋಡ ಕೊಟ್ಟ ಮನುಷ್ಯನ ಬಾಯಿಂದ ಅರಿಯದೆ ಒಂದು ಸುಳ್ಳು ಬಂದಿತ್ತು. ಅದು ಅವರನ್ನು ಅಂದು ರಾತ್ರಿಯವರೆಗೂ ಬಿಡಲಿಲ್ಲ.

ತಂದೆಯವರ ಪ್ರಶ್ನೆಯನ್ನು ಕಾನೂನು ಅವರಿಗಿಂತ ಬಹಳ ಮೊದಲೇ ಕೇಳಿತ್ತೆಂದು ಆಮೇಲೆ ತಿಳಿಯಿತು. 1955ರ ಹಣ್ಣಿನ ಪದಾರ್ಥಗಳ ಆಜ್ಞೆಯ ಕಾಲದಿಂದಲೂ ಒಂದು ನಿಬಂಧನೆ ಉಂಟು: ಹಣ್ಣಿನ ರಸವಾಗಲಿ ತಿರುಳಾಗಲಿ ಇಲ್ಲದ ಸೋಡ ಪಾನೀಯದ ಲೇಬಲ್ಲು, ಅದು ಹಣ್ಣಿನ ಪದಾರ್ಥವೆಂಬ ಭ್ರಮೆಯನ್ನು ಕೊಳ್ಳುವವನಲ್ಲಿ ಹುಟ್ಟಿಸಬಾರದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಕೆಳಗೆ 2011ರಲ್ಲಿ ಬಂದ ನಿಯಮಗಳೂ ಇದನ್ನು ಉಳಿಸಿಕೊಂಡವು. ಚಿತ್ರವು ಮುಂದುಗಡೆ ದೊಡ್ಡದಾಗಿ ಒಂದು ಹೇಳಿ, ಅಕ್ಷರವು ಹಿಂದುಗಡೆ ಸಣ್ಣದಾಗಿ ಇನ್ನೊಂದು ಹೇಳಿದರೆ ಭ್ರಮೆ ನೀಗುವುದು ಓದಬಲ್ಲವನಿಗೆ ಮಾತ್ರ. ಓದು ಎಂದರೂ ಯಾವ ಭಾಷೆಯ ಓದು? ಕೇಂದ್ರದ ನಿಯಮದ ಪ್ರಕಾರ ಲೇಬಲ್ಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಬಹುದು, ಸೇರಿಸಲೇಬೇಕೆಂದಿಲ್ಲ. ಕರ್ನಾಟಕದಲ್ಲಿ ತಯಾರಾದ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲಿಯೂ ಇರಬೇಕೆಂದು 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ವಿಧಿಸಿದೆ. ಹೊರ ರಾಜ್ಯದಲ್ಲಿ ತುಂಬಿ ಲಾರಿಯಲ್ಲಿ ಬರುವ ಬುಡ್ಡಿಯ ಮಾತು ಬೇರೆ.

ಭಾಷೆಯಿಂದಾಗುವ ತೊಡಕಿಗೆ ಟಾನಿಕ್ ನೀರು ಒಳ್ಳೆಯ ನಿದರ್ಶನ. ಸಾಮಾನ್ಯವಾಗಿ ಜಿನ್ ಎಂಬ ಮದ್ಯಕ್ಕೆ ಬೆರೆಸುವ ಈ ಕಹಿ ಪಾನೀಯವನ್ನು ತುಮಕೂರಿನ ದೊಡ್ಡ ಅಂಗಡಿಗಳಲ್ಲಿ ನೋಡಬಹುದು. 1858ರಲ್ಲಿ ಲಂಡನ್ನಿನಲ್ಲಿ ಇದಕ್ಕೆ ಪೇಟೆಂಟು ದೊರೆಯಿತು. ಅದರ ಕಹಿ ಕ್ವಿನೈನಿನದು. ಮಲೇರಿಯಾಕ್ಕೆ ಕೊಡುತ್ತಿದ್ದ, ಸಿಂಕೋನ ಮರದ ತೊಗಟೆಯ ಔಷಧ. ಆ ಮರವನ್ನು 1860ರ ದಶಕದಲ್ಲಿ ನಮ್ಮ ನೆರೆಯ ನೀಲಗಿರಿಯಲ್ಲಿಯೇ ಬೆಳೆಸಿದರು. ಪಾನೀಯದಲ್ಲಿ ಕ್ವಿನೈನು ಹತ್ತು ಲಕ್ಷ ಭಾಗಕ್ಕೆ 100 ಭಾಗವನ್ನು ಮೀರಬಾರದೆಂದು 2011ರ ನಿಯಮ ಹೇಳಿತು. ನಮ್ಮೂರಿನಲ್ಲಾದರೋ ಟಾನಿಕ್ಕು ಎಂದರೆ ಬಾಣಂತಿಗೂ ಮಗುವಿಗೂ ಶಕ್ತಿ ಬರಲೆಂದು ಡಾಕ್ಟರು ಬರೆದುಕೊಡುವ ಔಷಧ! ಆ ಬುಡ್ಡಿ ನಮ್ಮ ಅಂಗಡಿಗೆ ಬಂದರೆ ಯಾರು ಯಾರಿಗೆ ಕುಡಿಸುವರೋ ಎಂದು ನನಗೆ ನಿಜವಾಗಿಯೂ ಅಂಜಿಕೆ.

ತೆರಿಗೆಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಅರ್ಥಶಾಸ್ತ್ರದ ಅಧ್ಯಾಪಕರು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ, ರುಚಿ ಯಾವುದೂ ಇಲ್ಲದ ಬರಿಯ ಸೋಡಕ್ಕೆ ಜಿ.ಎಸ್.ಟಿ. ಶೇಕಡ 18ರಿಂದ 5ಕ್ಕೆ ಇಳಿಯಿತು. ಸಕ್ಕರೆಯೋ ರುಚಿಕಾರಕವೋ ಬಿದ್ದಿತೆಂದರೆ ಶೇಕಡ 40. ಹಿಂದೆ 28 ತೆರಿಗೆ, 12 ಉಪಕರ ಎಂದು ಬೇರೆ ಬೇರೆಯಾಗಿದ್ದುದು ಈಗ ಒಂದೇ ಆಗಿದೆ. ಸಕ್ಕರೆಯ ಪಾನೀಯ ತುಟ್ಟಿಯಾಗುವುದು ಆರೋಗ್ಯಕ್ಕೆ ಒಳ್ಳೆಯದೆಂಬ ವಾದವನ್ನು ಒಪ್ಪೋಣ. ಆದರೆ ನಿಜವಾದ ಹಣ್ಣಿನ ರಸ ಹಾಕಿದ ಸೋಡ ಪಾನೀಯಕ್ಕೂ ಅದೇ ಶೇಕಡ 40! ರೈತನಿಂದ ನಿಂಬೆ ಕೊಂಡವನಿಗೂ, ಡಬ್ಬಿಯ ಎಸೆನ್ಸು ಕೊಂಡವನಿಗೂ ಒಂದೇ ದರವಾದರೆ ನಿಂಬೆಯನ್ನು ಯಾರು ಕೊಳ್ಳುವರು? ಚಿತ್ರದಲ್ಲಿ ಬರೆದರೆ ಸಾಕಲ್ಲವೆ? ಸಣ್ಣ ವ್ಯಾಪಾರಿಗಳಿಗೆ ಸುಲಭವಾದ ಕಾಂಪೊಸಿಷನ್ ಪದ್ಧತಿಯಿಂದಲೂ ಇಂಥ ಪಾನೀಯ ತಯಾರಿಸುವವರನ್ನು 2019ರಲ್ಲಿ ಹೊರಗಿಟ್ಟರು. ಯಂತ್ರ ಉಳಿದಿದ್ದರೂ ತಂದೆಯವರು ಬಣ್ಣದ ಸೋಡ ತುಂಬಿ ಈ ಲೆಕ್ಕಪತ್ರವನ್ನೆಲ್ಲ ಇಡುತ್ತಿದ್ದರೆಂದು ನನಗೆ ತೋರುವುದಿಲ್ಲ.

ಬೆಲೆಯ ವಿಷಯದಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಐಸಿನ ಖರ್ಚೆಂದು ನಮ್ಮ ಅಂಗಡಿಯಲ್ಲಿ ಬುಡ್ಡಿಗೆ ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಿದ್ದೆವು. ಲೇಬಲ್ಲಿನ ಮೇಲಿನ ಗರಿಷ್ಠ ಬೆಲೆ ಎಲ್ಲ ತೆರಿಗೆಗಳೂ ಸೇರಿದ ಬೆಲೆ. ಅದಕ್ಕಿಂತ ಒಂದು ಕಾಸು ಹೆಚ್ಚು ಕೇಳಿದರೂ ಕಾನೂನು ಮಾಪನ ಶಾಸ್ತ್ರದ ನಿಯಮಗಳ ಪ್ರಕಾರ ಅಪರಾಧ. ಇದನ್ನು ತರಗತಿಯಲ್ಲಿ ಕೇಳಿದ ದಿನವೇ ಮನೆಗೆ ಹೋಗಿ ಹೇಳಿದೆ. ತಂದೆಯವರು ಮರುಮಾತಾಡದೆ ನಿಲ್ಲಿಸಿದರು. ಹೋಟೆಲುಗಳು ಕೂರಲು ಜಾಗ, ಸೇವೆ ಒದಗಿಸುವುದರಿಂದ ನೀರಿನ ಬುಡ್ಡಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟು 2017ರ ಡಿಸೆಂಬರಿನಲ್ಲಿ ತೀರ್ಪಿತ್ತ ಸಂಗತಿಯನ್ನು ಅವರಿಗೆ ಹೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ನಮ್ಮಲ್ಲಿಯೂ ಕೂರಲು ಒಂದು ಕಲ್ಲುಬೆಂಚು ಇದೆ.

ಇದೆಲ್ಲ ಓದಿದ ಮೇಲೆ ನಾನು ಮಾಡಿದ್ದು ಒಂದೇ ಕೆಲಸ. ಕಳೆದ ಬೇಸಗೆಯ ರಜೆಯಲ್ಲಿ ಒಂದು ರಟ್ಟಿನ ಮೇಲೆ ಅಂಗಡಿಯ ಬುಡ್ಡಿಗಳನ್ನೆಲ್ಲ ಕನ್ನಡದಲ್ಲಿ ಬರೆದೆ: ಯಾವುದರಲ್ಲಿ ಹಣ್ಣಿಲ್ಲ, ಯಾವುದರಲ್ಲಿ ಕೆಫೀನು ಇದೆ, ಯಾವುದು ಬರಿಯ ಸೋಡ, ಮುದ್ರಿತ ಬೆಲೆ ಎಷ್ಟು. ತಂದೆಯವರು ಅದನ್ನು ಬಾಳೆಗೊನೆಯ ಪಕ್ಕಕ್ಕೆ ನೇತುಹಾಕಿದರು. ಹಸಿರು ಬುಡ್ಡಿ ಮೊದಲಿನಂತೆಯೇ ಖರ್ಚಾಗುತ್ತಿದೆ. ಆದರೆ ಈಗ ಯಾರಾದರೂ ಸುಸ್ತೆಂದು ಬಂದರೆ ತಂದೆಯವರು ಬರಿಯ ಸೋಡ ಒಡೆದು, ತುಮಕೂರು ಸಂತೆಯಿಂದ ತಂದ ನಿಂಬೆಹಣ್ಣನ್ನು ಅವರೆದುರಿಗೇ ಹೆಚ್ಚಿ ಹಿಂಡುತ್ತಾರೆ. ಹೊಸ ಸರಕು ಬಂದ ದಿನ ಒಂದು ಬುಡ್ಡಿಯನ್ನು ನನ್ನ ಪುಸ್ತಕಗಳ ಪಕ್ಕದಲ್ಲಿ ಇಟ್ಟುಹೋಗುತ್ತಾರೆ, ಕುಡಿಯುವುದಕ್ಕಲ್ಲ, ಓದಿ ಹೇಳುವುದಕ್ಕೆ.